ಕೋಳಿ ಮೂಳೆ ಸಾರು ತಣ್ಣಗಾದ ಮೇಲೂ ನೀರಾಗಿಯೇ ಇರುತ್ತದೆ, ಯಾಕೆ?

ಬರೀ ಎದೆಮೂಳೆ ಹಾಕಿದರೆ ಹಾಗೇ ಆಗೋದು. ಮುಂಬೈ ಕಡೆಯ ಡೊಂಬಿವ್ಲಿಯಾಗಲಿ ಮಾಟುಂಗವಾಗಲಿ, ಕೋಳಿ ಅಂಗಡಿಯವರ ಹತ್ತಿರ ಕಾಲು, ಕುತ್ತಿಗೆ ಕೇಳಿ ತನ್ನಿ. ಕೊಲಾಜನ್ ಅನ್ನೋ ಪ್ರೋಟೀನ್ ಅದರಲ್ಲೇ ಜಾಸ್ತಿ, ಸಾರು ಗಟ್ಟಿಯಾಗೋದು ಅದರಿಂದಲೇ. ಕಾಲನ್ನು ಬಿಸಿನೀರಲ್ಲಿ ಅದ್ದಿ ಹಳದಿ ಸಿಪ್ಪೆ ಸುಲಿಯಿರಿ, ಉಗುರು ಕತ್ತರಿಸಿ. ಒಂದು ಕೆಜಿಗೆ ಎರಡು ಲೀಟರ್ ತಣ್ಣೀರು ಹಾಕಿ ಒಲೆಗಿಡಿ. ಮೇಲೆ ಬರುವ ಬೂದು ನೊರೆಯನ್ನು ಸೌಟಿನಿಂದ ಪೂರ್ತಿ ತೆಗೆಯಿರಿ. ಆಮೇಲೆ ಶುಂಠಿ, ಕಾಳುಮೆಣಸು, ಈರುಳ್ಳಿ ಹಾಕಿ ಸಣ್ಣ ಉರಿಯಲ್ಲಿ 4 ಗಂಟೆ ಬಿಡಿ. ಜೋರಾಗಿ ಕುದಿಸಿದರೆ ಕೊಬ್ಬು ಬೆರೆತು ಸಾರು ಕಲಕಿದಂತಾಗುತ್ತದೆ. ಗ್ಯಾಸ್ ಉಳಿಸಬೇಕು ಅಂದ್ರೆ ಕುಕ್ಕರಿನಲ್ಲಿ ಒಂದು ಗಂಟೆ ಸಾಕು.

ಸುಮ್ನೆ ಕ್ಯಾಲ್ಸಿಯಂಗೋಸ್ಕರ ಕುಡಿಯಬೇಡಿ, ಅದು ಸಾರಿಗೆ ಇಳಿಯೋದು ತೀರಾ ಕಡಿಮೆ. ಮುಂಬೈ ಸೆಖೆಗೆ ರಾತ್ರಿ ಹೊರಗಂತೂ ಇಡಲೇಬೇಡಿ. ಸೋಸಿ, ಬೇಗ ಆರಿಸಿ ಫ್ರಿಜ್‌ಗೆ ಇಡಿ, 3 ದಿನದೊಳಗೆ ಖಾಲಿ ಮಾಡಿ.