ರಜೆಯಲ್ಲಿ ವಸ್ತುಸಂಗ್ರಹಾಲಯದ ಕಾರ್ಯಾಗಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 6 ವರ್ಷದ ಮಗಳು ಮತ್ತು 11 ವರ್ಷದ ಮಗ ಇದ್ದಾರೆ. ಶಾಲೆಯ ರಜೆಯಲ್ಲಿ ವಸ್ತುಸಂಗ್ರಹಾಲಯವೊಂದು ಮಕ್ಕಳಿಗಾಗಿ 2 ಗಂಟೆಗಳ ಕಾರ್ಯಾಗಾರ ನಡೆಸುತ್ತಿದೆ. ಜೇಡಿಮಣ್ಣಿನ ಹಲಗೆಯ ಮೇಲೆ ಪ್ರಾಚೀನ ಮೆಸೊಪೊಟೇಮಿಯಾದ ಲಿಪಿಯನ್ನು ಬರೆಯಿಸುತ್ತಾರಂತೆ. ಮಗಳು ಹೆಚ್ಚು ಹೊತ್ತು ಒಂದೆಡೆ ಕೂರುವವಳಲ್ಲ. ಮಗನಿಗೋ ‘ಅದು ಚಿಕ್ಕ ಮಕ್ಕಳ ಆಟ’ ಎಂಬ ತಾತ್ಸಾರ. ಇದರಿಂದ ಮಕ್ಕಳಿಗೆ ನಿಜವಾಗಿ ಏನಾದರೂ ದಕ್ಕುತ್ತದೆಯೇ, ಅಥವಾ ಕೈಗೆ ಮಣ್ಣು ಮೆತ್ತಿಕೊಂಡು ಬರುವುದಷ್ಟೆಯೇ? ನಾನೂ ಅವರ ಪಕ್ಕದಲ್ಲಿ ಕೂರಬೇಕೇ?

ಉತ್ತರ: ದಕ್ಕುತ್ತದೆ. ಆದರೆ ಮೇಜಿನ ಮೇಲೆ ಮಾಡುವ ಕೆಲಸಕ್ಕೂ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಿಗೂ ನಂಟು ಇರಬೇಕು. ಆ ನಂಟಿಲ್ಲದ ಕಾರ್ಯಾಗಾರಗಳೂ ಬೇಕಾದಷ್ಟಿವೆ. ಮೊದಲೇ ಕತ್ತರಿಸಿಟ್ಟ ಕಾಗದಕ್ಕೆ ಅಂಟು ಹಚ್ಚಿಸಿ, ಬಣ್ಣ ತುಂಬಿಸಿ ಕಳುಹಿಸುವುದಕ್ಕೆ ವಸ್ತುಸಂಗ್ರಹಾಲಯವೇ ಬೇಕೆಂದಿಲ್ಲ.

ನೀವು ಹೇಳಿರುವ ವಿಷಯ ಒಳ್ಳೆಯ ಆಯ್ಕೆ ಎಂದು ನನಗನ್ನಿಸುತ್ತದೆ. ಸುಮಾರು 5000 ವರ್ಷಗಳ ಹಿಂದೆ ಅಲ್ಲಿನ ಲೆಕ್ಕಿಗರು ಧಾನ್ಯದ, ಕುರಿಗಳ, ಕೂಲಿಯ ಲೆಕ್ಕವನ್ನು ಹಸಿ ಮಣ್ಣಿನ ಹಲಗೆಗಳ ಮೇಲೆ ಚಿತ್ರಗಳಂತಹ ಗುರುತುಗಳಲ್ಲಿ ಗೀರಿ ಇಡುತ್ತಿದ್ದರು. ಮುಂದೆ ಆ ಗುರುತುಗಳು ಬೆಣೆಯಾಕಾರದ ಒತ್ತುಗಳಾಗಿ ಬದಲಾದವು. ಏಕೆ ಬದಲಾದವು ಎಂಬುದನ್ನು ಪುಸ್ತಕ ಓದಿ ತಿಳಿಯುವುದಕ್ಕಿಂತ ಮಣ್ಣನ್ನೇ ಕೇಳಿ ತಿಳಿಯುವುದು ಸುಲಭ. ಮಗುವಿನ ಕೈಗೆ ಜೊಂಡಿನ ಕಡ್ಡಿ ಕೊಟ್ಟರೆ ಅದು ಮೊದಲು ಪೆನ್ಸಿಲಿನಂತೆ ಹಿಡಿದು ಎಳೆಯುತ್ತದೆ. ಎಳೆದ ಕಡೆಯಲ್ಲೆಲ್ಲ ಮಣ್ಣು ಅಂಚಿಗೆ ಉಬ್ಬಿ ಏಳುತ್ತದೆ, ದುಂಡನೆಯ ಗೆರೆ ಹರಿದುಹೋಗುತ್ತದೆ, ಎರಡನೆಯ ಗೆರೆ ಮೊದಲನೆಯದನ್ನು ಕೆಡಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಯಾವುದೋ ಮಗು ಬೇಸತ್ತು ಕಡ್ಡಿಯ ಮೂಲೆಯನ್ನು ಮಣ್ಣಿಗೆ ಒತ್ತಿ ಎತ್ತುತ್ತದೆ. ಚೊಕ್ಕಟವಾದ ತ್ರಿಕೋನದ ಗುರುತು ಮೂಡುತ್ತದೆ. ಆಮೇಲೆ ಪೆಟ್ಟಿಗೆಯೊಳಗಿನ ಹಲಗೆಯ ಮುಂದೆ ನಿಲ್ಲಿಸಿದರೆ ಆ ಮಗು ನೋಡುವ ರೀತಿಯೇ ಬೇರೆ, ಏಕೆಂದರೆ ಅಲ್ಲಿರುವ ಪ್ರತಿಯೊಂದು ಗುರುತೂ ಹೇಗೆ ಮೂಡಿತೆಂದು ಅದರ ಬೆರಳಿಗೆ ಗೊತ್ತಿರುತ್ತದೆ.

ನೀವು ಪಕ್ಕದಲ್ಲಿ ಕೂರುವ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಮಗಳ ವಯಸ್ಸಿನ ಮಕ್ಕಳ ಜೊತೆ ಹಿರಿಯರೊಬ್ಬರು ಇರಲೇಬೇಕೆಂದು ಅನೇಕ ಸಂಸ್ಥೆಗಳು ನಿಯಮ ಮಾಡಿರುತ್ತವೆ; ಇರಿ, ಆದರೆ ಕೈಯನ್ನು ನಿಮ್ಮ ಮಡಿಲಲ್ಲೇ ಇಟ್ಟುಕೊಳ್ಳಿ. ಗೆರೆ ಹರಿಯುತ್ತಿದ್ದಂತೆ ‘ಹಾಗಲ್ಲ, ಹೀಗೆ ಒತ್ತು’ ಎಂದು ತೋರಿಸಿಕೊಟ್ಟರೆ ಮಗು ತಾನಾಗಿ ಕಂಡುಕೊಳ್ಳಬೇಕಾದದ್ದನ್ನು ನಾವು ಕಸಿದುಕೊಂಡಂತಾಗುತ್ತದೆ. ಕೈ ಸುಮ್ಮನಿರದಿದ್ದರೆ ನಿಮಗೂ ಒಂದು ಮುದ್ದೆ ಮಣ್ಣು ಕೇಳಿ ಪಡೆಯಿರಿ. (ನಿಮಿಷಕ್ಕೊಂದು ಫೋಟೋ ತೆಗೆಯುವ ಪೋಷಕರಿಗಿಂತ ತಾವೂ ಮಣ್ಣು ಕಲಸುವ ಪೋಷಕರಿಂದ ಮಕ್ಕಳಿಗೆ ಆಗುವ ತೊಂದರೆ ಕಡಿಮೆ.)

ಮಗನ ತಾತ್ಸಾರಕ್ಕೆ ಮದ್ದು ಉಪದೇಶವಲ್ಲ, ತುಸು ಕಷ್ಟದ ಕೆಲಸ. ಅದೇ ನಾಗರಿಕತೆಯವರು ಚಿಕ್ಕ ಉರುಳೆಯಾಕಾರದ ಕಲ್ಲಿನ ಮೇಲೆ ಚಿತ್ರ ಕೊರೆದು, ಅದನ್ನು ಹಸಿ ಮಣ್ಣಿನ ಮೇಲೆ ಉರುಳಿಸಿ ಮುದ್ರೆ ಒತ್ತುತ್ತಿದ್ದರು. ಮುದ್ರೆ ಸರಿಯಾಗಿ ಮೂಡಬೇಕಾದರೆ ಉರುಳೆಯ ಮೇಲಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು, ತಗ್ಗು ಇರುವಲ್ಲಿ ಉಬ್ಬು ಬರಬೇಕು, ಚಿತ್ರದ ಕೊನೆ ಅದರ ಮೊದಲಿಗೆ ಬಂದು ಕೂಡಬೇಕು. ತನ್ನ ಹೆಸರಿನ ಅಕ್ಷರಗಳನ್ನು ಹಾಗೆ ಕೊರೆಯಲು ಹೇಳಿದರೆ 11 ವರ್ಷದ ಹುಡುಗ ಅದನ್ನು ಚಿಕ್ಕವರ ಆಟ ಎನ್ನಲಾರ. ದೊಡ್ಡ ಮಕ್ಕಳಿಗೆ ಇಂತಹ ಕೆಲಸವೇನಾದರೂ ಇದೆಯೇ ಎಂದು ಸಂಘಟಕರನ್ನು ಮೊದಲೇ ವಿಚಾರಿಸಿ. ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ತಂಡಗಳಿದ್ದರೆ ಅಣ್ಣ ತಂಗಿಯರನ್ನು ಒಂದೇ ಮೇಜಿಗೆ ಕಟ್ಟಿಹಾಕಬೇಡಿ.

ಹೆಸರು ನೋಂದಾಯಿಸುವಾಗ ಇನ್ನೂ ಒಂದೆರಡು ಸಂಗತಿಗಳನ್ನು ಕೇಳಬಹುದು. 2 ಗಂಟೆಯಲ್ಲಿ ಮಕ್ಕಳು ಕುಳಿತು ಕೇಳುವುದೆಷ್ಟು ಹೊತ್ತು, ಕೈಯಾರೆ ಮಾಡುವುದೆಷ್ಟು ಹೊತ್ತು? ಸಂಬಂಧಪಟ್ಟ ಪ್ರದರ್ಶನ ಕೊಠಡಿಗೆ ಕರೆದೊಯ್ಯುತ್ತಾರೆಯೇ? ಕರೆದೊಯ್ಯುವುದಿಲ್ಲ ಎಂದಾದರೆ ನೀವೇ ಕರೆದುಕೊಂಡು ಹೋಗಿ, ಆದರೆ ಆ ಒಂದು ಕೊಠಡಿಗೆ ಮಾತ್ರ. ಬಂದದ್ದೇ ಬಂದೆವು, ಎಲ್ಲವನ್ನೂ ನೋಡಿಬಿಡೋಣ ಎಂಬ ಹಂಬಲ ಬೇಡ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬುವರು, ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ನೋಡಲು ಜನ ಎಷ್ಟು ಬಾಗಬೇಕು, ಎಷ್ಟು ಕುಕ್ಕರಿಸಬೇಕು ಎಂಬುದನ್ನು ಛಾಯಾಚಿತ್ರಗಳಲ್ಲಿ ತೋರಿಸಿ, ವಸ್ತುಸಂಗ್ರಹಾಲಯದ ದಣಿವಿನ ಬಗ್ಗೆ 1916ರಲ್ಲಿಯೇ ಬರೆದಿದ್ದಾರೆ. ದೊಡ್ಡವರಿಗೇ ಆಗುವ ಆ ದಣಿವು, ಪೆಟ್ಟಿಗೆಯ ಎತ್ತರಕ್ಕೆ ಕಣ್ಣು ನಿಲುಕದ ನಿಮ್ಮ ಮಗಳಿಗೆ ಇನ್ನೂ ಬೇಗ ಆಗುತ್ತದೆ.

ಮನೆಗೆ ತಂದ ಹಲಗೆಯನ್ನು ಬಿಸಿಲಿಗಿಡದೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಸುಡದ ಜೇಡಿಮಣ್ಣಾದ್ದರಿಂದ ನೀರು ತಗುಲಿದರೆ ಕರಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿಡಿ.

ಪ್ರಶ್ನೆ: ಪ್ರದರ್ಶನದ ಲೋಹದ ಪಾತ್ರೆಯೊಂದನ್ನು ಮುಟ್ಟಿದ್ದಕ್ಕೆ ನನ್ನ 8 ವರ್ಷದ ಮೊಮ್ಮಗ ಕಾವಲುಗಾರರಿಂದ ಗದರಿಸಿಕೊಂಡ. ಅದೇ ಕಟ್ಟಡದ ಕಾರ್ಯಾಗಾರದಲ್ಲಿ ‘ಮುಟ್ಟಿ ನೋಡಿ’ ಎಂದು ಕರೆಯುತ್ತಾರೆ. ಈ ಇಬ್ಬಗೆಯನ್ನು ಅವನಿಗೆ ಹೇಗೆ ವಿವರಿಸಲಿ?

ಉತ್ತರ: ಮಕ್ಕಳಿಗೆ ಮುಟ್ಟಲು ಕೊಡಬೇಕೆಂಬ ವಿಚಾರ ಹೊಸದೇನಲ್ಲ. ಮಕ್ಕಳಿಗಾಗಿಯೇ ಮೀಸಲಾದ ಮೊದಲ ವಸ್ತುಸಂಗ್ರಹಾಲಯ ಬ್ರೂಕ್ಲಿನ್‌ನಲ್ಲಿ 1899ರಲ್ಲಿ ಆರಂಭವಾಯಿತು. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಅವರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಎಕ್ಸ್‌ಪ್ಲೊರೇಟೋರಿಯಂನಲ್ಲಿ ಪ್ರದರ್ಶನಗಳನ್ನೇ ಕೈಯಾಡಿಸಿ ನೋಡುವಂತೆ ರೂಪಿಸಲಾಯಿತು. ಅಂತಹ ವಸ್ತುಗಳು ಸವೆದರೆ ಮತ್ತೊಂದನ್ನು ಮಾಡಬಹುದು. ಕಾರ್ಯಾಗಾರದಲ್ಲಿ ಕೊಡುವವೂ ಬಹುಮಟ್ಟಿಗೆ ಪ್ರತಿಕೃತಿಗಳು, ಇಲ್ಲವೇ ಮುಟ್ಟಲೆಂದೇ ಬೇರೆಯಾಗಿ ತೆಗೆದಿಟ್ಟ ವಸ್ತುಗಳು. ಮೂಲ ಪಾತ್ರೆಗೆ ಬದಲಿ ಇಲ್ಲ. ಚರ್ಮದ ಎಣ್ಣೆ, ಬೆವರಿನ ಉಪ್ಪು ಲೋಹದ ಮೇಲೆ ಉಳಿದು ಅದನ್ನು ಮೆಲ್ಲಗೆ ತಿನ್ನುತ್ತವೆ. ಒಬ್ಬನ ಬೆರಳಿನಿಂದ ಏನಾಗುತ್ತದೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಅವನ ಹಿಂದೆ ಬರುವ ಸಾವಿರಾರು ಮಂದಿಯೂ ಹಾಗೆಯೇ ಅಂದುಕೊಳ್ಳುತ್ತಾರೆ ಎಂದು ಹೇಳಿ.

ಮಾತಿಗಿಂತ ಕಣ್ಣಾರೆ ಕಂಡದ್ದನ್ನು ಆ ವಯಸ್ಸಿನವರು ಬೇಗ ಒಪ್ಪುತ್ತಾರೆ. ತಾಮ್ರದ ತಗಡೊಂದನ್ನು ಚೆನ್ನಾಗಿ ತಿಕ್ಕಿ ಬೆಳಗಿಸಿ, ತೊಳೆದು ಒರೆಸಿ, ಒಂದು ಬದಿಗೆ ಅವನ ಬೆವರಿದ ಹೆಬ್ಬೆರಳನ್ನು ಒತ್ತಿಸಿ, ಇನ್ನೊಂದು ಬದಿಯನ್ನು ಯಾರೂ ಮುಟ್ಟದಂತೆ ಕೆಲವು ದಿನ ಹಾಗೆಯೇ ಇಡಿ. ಬೆರಳಿನ ಗುರುತು ಕಪ್ಪಾಗಿ ಕಾಣತೊಡಗಿದ ಮೇಲೆ ಅವನನ್ನು ಮತ್ತೆ ಆ ಪಾತ್ರೆಯ ಬಳಿಗೆ ಕರೆದುಕೊಂಡು ಹೋಗಬಹುದು.