ಡೌಟ್, ಸಸ್ಪೆಕ್ಟ್ ಎರಡಕ್ಕೂ ‘ಅನುಮಾನ’ ಅಂತ ಬರೆದುಕೊಂಡಿದ್ದೀರಾ?

ಸೇ-ಟೆಲ್, ಡೌಟ್-ಸಸ್ಪೆಕ್ಟ್ ಅಂತ ಇಂಗ್ಲಿಷ್ ಪದಗಳನ್ನು ಜೋಡಿ ಮಾಡಿ, ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಉರು ಹೊಡೆಯುತ್ತಿದ್ದೀರಿ. ಆದರೂ ಗೊಂದಲ, ಇದಕ್ಕಿಂತ ಒಳ್ಳೆ ಪಟ್ಟಿ ಇದ್ದರೆ ಕೊಡಿ ಅಂದಿದ್ದೀರಿ. ಅಂಥ ನೋಟ್‌ಬುಕ್ ನನ್ನ ಹತ್ತಿರವೂ ಇತ್ತು. ಡೌಟ್ ಅಂದರೆ ಅನುಮಾನ, ಸಸ್ಪೆಕ್ಟ್ ಅಂದರೂ ಅನುಮಾನ.

ಆಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಕ್ಲೈಂಟ್ ಲಂಡನ್ನಿನವರು. ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಟ್ಯಾಕ್ಸ್ ಲೆಕ್ಕ ಎಲ್ಲೋ ತಪ್ಪುತ್ತಿದೆ ಅನಿಸಿತು. ಮೇಲ್ ಹಾಕಿದೆ: ‘ಐ ಡೌಟ್ ದೇರ್ ಈಸ್ ಎನ್ ಎರರ್ ಇನ್ ದ ಟ್ಯಾಕ್ಸ್ ಕ್ಯಾಲ್ಕುಲೇಷನ್.’ ತಪ್ಪಿದೆ ಅಂತ ಅನುಮಾನ, ಅನ್ನೋದು ನನ್ನ ಮನಸ್ಸಿನಲ್ಲಿದ್ದ ಮಾತು. ತಪ್ಪು ಇರಲಿಕ್ಕಿಲ್ಲ, ಅಂತ ಅವರು ಓದಿಕೊಂಡರು. ಥ್ಯಾಂಕ್ಸ್ ಹೇಳಿ ರಿಲೀಸ್ ಮಾಡಿಬಿಟ್ಟರು. ತಪ್ಪು ಬಿಲ್ಲುಗಳು ಗ್ರಾಹಕರಿಗೆ ಹೋದವು. ಮೊದಲೇ ಹೇಳಿದ್ದೆನಲ್ಲ ಅಂತ ಮ್ಯಾನೇಜರ್‌ಗೆ ಅದೇ ಮೇಲ್ ತೋರಿಸಿದೆ. ಅದೇ ಮುಳುವಾಯಿತು. ಪ್ರಾಜೆಕ್ಟಿನಿಂದ ತೆಗೆದರು, ಆ ವರ್ಷದ ಪ್ರಮೋಷನ್ನೂ ಹೋಯಿತು.

ಇದನ್ನು ಬಿಡಿಸಿ ಹೇಳಲೇಬೇಕು. ಇಂಗ್ಲಿಷಿನಲ್ಲಿ ಇವು ಎದುರುಬದುರು ನಿಲ್ಲುವ ಪದಗಳು. ಹಾಗಿರಲಿಕ್ಕಿಲ್ಲ ಅನಿಸಿದರೆ ಡೌಟ್. ಹಾಗೇ ಇರಬೇಕು ಅನಿಸಿದರೆ ಸಸ್ಪೆಕ್ಟ್. ನಮ್ಮ ಅನುಮಾನ ಎರಡೂ ಕಡೆ ನಡೆಯುತ್ತದೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದಿದ್ದಾನೆ ಅಂತ ಅನುಮಾನ’ ಅಂದರೆ ಕದ್ದಿರಬೇಕು. ಹಿಂದೆ ಬಂದ ‘ಬರೋದು’, ‘ಅಂತ’ ನೋಡಿಯೇ ನಮಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಆಸರೆ ಇಲ್ಲ, ಪದವನ್ನೇ ಸರಿಯಾಗಿ ಆರಿಸಬೇಕು. ಇದರ ಮೇಲೆ ನಮ್ಮ ಕ್ಲಾಸಿನ ‘ಮಿಸ್, ಒಂದು ಡೌಟು’ ಬೇರೆ. ಅಲ್ಲಿ ಡೌಟ್ ಅಂದರೆ ಬರೀ ಪ್ರಶ್ನೆ. ನಮ್ಮ ದೇಶದಲ್ಲಿ ನಡೆಯುತ್ತದೆ. ಬ್ರಿಟನ್ನಿನವರಿಗೆ ಹಾಗೆ ಬರೆದರೆ, ಇವರು ನಮ್ಮ ಮಾತು ನಂಬುತ್ತಿಲ್ಲ ಅನಿಸಬಹುದು.

ಹಾಗಾಗಿ ನಿಮಗೆ ಇನ್ನೊಂದು ಪಟ್ಟಿ ಕೊಡುವುದಿಲ್ಲ. ಒಂದೇ ಕನ್ನಡ ಅರ್ಥದ ಪದಗಳನ್ನು ಒಟ್ಟಿಗೆ ಗುಡ್ಡೆ ಹಾಕಿ ಕಲಿಯುವುದೇ ತಪ್ಪು ದಾರಿ. ಮನೆ, ಗೃಹ ಎರಡೂ ಒಂದೇ ಅಲ್ವಾ? ಆದರೂ ಗೃಹಪ್ರವೇಶಕ್ಕೆ ಕರೆಯುತ್ತೇವೆಯೇ ಹೊರತು, ‘ಸಂಜೆ ಗೃಹಕ್ಕೆ ಬನ್ನಿ’ ಅನ್ನುವುದಿಲ್ಲ. ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಯಾವ ಪದ ಯಾವುದರ ಜೊತೆ ಬರುತ್ತದೆ ಅಂತ ಕೇಳಿ ಕೇಳಿಯೇ ಬಂತು. ಸೇ-ಟೆಲ್ ಕೂಡ ಹಾಗೇ. ಟೆಲ್ ಆದ ಮೇಲೆ ಯಾರಿಗೆ ಅನ್ನೋದು ಸಾಮಾನ್ಯವಾಗಿ ನೇರ ಬರುತ್ತದೆ: ಟೆಲ್ ಮಿ. ಸೇ ಮಿ ಅನ್ನುವಂತಿಲ್ಲ, ನಡುವೆ ಟು ಬೇಕು.

ಇಂಗ್ಲಿಷ್-ಕನ್ನಡ ನಿಘಂಟು ಸ್ವಲ್ಪ ದಿನ ಬದಿಗಿಡಿ. 1978ರಲ್ಲಿ ಮೊದಲು ಬಂದ ಲಾಂಗ್‌ಮನ್ ಡಿಕ್ಷನರಿ ಆಫ್ ಕಂಟೆಂಪರರಿ ಇಂಗ್ಲಿಷ್ ನೋಡಿ. ಕಲಿಯುವವರಿಗೆಂದೇ ಮಾಡಿದ್ದು. ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ಬಿಡಿಸುತ್ತದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಥ ಓದಿ ಸುಮ್ನೆ ಮುಂದೆ ಹೋಗಬೇಡಿ, ಉದಾಹರಣೆಯ ವಾಕ್ಯವನ್ನು ಇಡಿಯಾಗಿ ಬರೆದುಕೊಳ್ಳಿ. ಇವತ್ತು ಡೌಟ್ ಬರೆದರೆ, ಸಸ್ಪೆಕ್ಟ್ ಮುಂದಿನ ವಾರಕ್ಕಿರಲಿ. ಅದೂ ಬೇರೆ ಪುಟದಲ್ಲಿ.