ಮೊಲವನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ. ಡೊಂಬಿವಲಿಯಿಂದ ನೀವು ಕಳಿಸಿದ ‘ಅನುಮಸ್ತಿಷ್ಕ ಮತ್ತು ಶಾಸ್ತ್ರೀಯ ಅನುಬಂಧನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು ತಲೆಬರಹ. ಶಾಸ್ತ್ರೀಯ ಅಂದ ಕೂಡಲೇ ಮುಂಬೈ ಮಾಟುಂಗಾದ ನಮ್ಮ ಓದುಗರು ಸಂಗೀತ ಕಛೇರಿ ಅಂದುಕೊಳ್ಳುತ್ತಾರೆ. ಅನುಬಂಧನ ಅಂದರೆ ಒಂದು ಸುಳಿವಿಗೆ ಮೈ ತಾನಾಗಿ ಸ್ಪಂದಿಸಲು ಕಲಿಯುವುದು, ಹಾಗೇ ಹೇಳಿ. ಅನುಮಸ್ತಿಷ್ಕಕ್ಕೆ ಕಿರುಮೆದುಳು ಅನ್ನಿ, ಸಾಕು.

ಮೂರು ಪುಟ ರಷ್ಯದ ವಿಜ್ಞಾನಿ ಪಾವ್ಲೋವ್‌ನ ನಾಯಿ, ಊಟದ ಸುಳಿವು ಸಿಕ್ಕ ಕೂಡಲೇ ಜೊಲ್ಲು ಸುರಿಸುತ್ತದೆ. ಅದನ್ನು ಎಲ್ಲರೂ ಶಾಲೆಯಲ್ಲೇ ಓದಿದ್ದಾರೆ, ಅಲ್ವಾ? ನಿಜವಾದ ಕಥೆ ಐದನೇ ಪುಟದಲ್ಲಿ ಸುಮ್ನೆ ಒಂದು ಸಾಲಾಗಿ ಕೂತಿದೆ: ‘ಥಾಂಪ್ಸನ್ ಮೊಲಗಳ ಮೇಲೆ ಪ್ರಯೋಗ ಮಾಡಿದರು.’ ಅಲ್ಲಿಂದಲೇ ಶುರು ಮಾಡಿ. ಒಂದು ಸದ್ದು. ಅರೆ ಸೆಕೆಂಡಿನೊಳಗೆ ಕಣ್ಣಿಗೆ ಫೂ ಎಂದು ಗಾಳಿ. ನೂರಾರು ಸಲ ಹೀಗಾದ ಮೇಲೆ ಮೊಲ ಸದ್ದಿಗೇ ಕಣ್ಣು ಮುಚ್ಚುತ್ತದೆ, ಅದೂ ಗಾಳಿ ಬರುವ ಹೊತ್ತಿಗೆ ಸರಿಯಾಗಿ. 1980ರ ದಶಕದ ಶುರುವಿನಲ್ಲಿ ವಿಜ್ಞಾನಿಗಳಾದ ರಿಚರ್ಡ್ ಥಾಂಪ್ಸನ್, ಡೇವಿಡ್ ಮೆಕಾರ್ಮಿಕ್ ಇಂಥ ಮೊಲಗಳ ಕಿರುಮೆದುಳಿನಲ್ಲಿ ಇಂಟರ್‌ಪೊಸಿಟಸ್ ಎಂಬ ನರಕೋಶಗಳ ಪುಟ್ಟ ಗಂಟನ್ನು ಒಂದೇ ಪಕ್ಕದಲ್ಲಿ ಕೆಡಿಸಿ ನೋಡಿದರು. ಆ ಪಕ್ಕದ ಕಣ್ಣು ಸದ್ದಿಗೆ ಮುಚ್ಚುವುದನ್ನು ಮರೆತೇಬಿಟ್ಟಿತು. ಗಾಳಿ ಬಿದ್ದರೆ ಮಾತ್ರ ಮೊದಲಿನಂತೆಯೇ ಮುಚ್ಚುತ್ತಿತ್ತು. ಇನ್ನೊಂದು ಕಣ್ಣಿಗೆ ಅದೇ ಪಾಠ ಹೇಳಿಕೊಟ್ಟರೆ ಬೇಗನೆ ಕಲಿಯಿತು!

ನೀವು ಎಡವಿದ್ದು ಇಲ್ಲೇ. ‘ಕಿರುಮೆದುಳಿಗೆ ಪೆಟ್ಟಾದರೆ ಕಣ್ಣು ಮಿಟುಕಿಸಲಾಗದು’ ಎಂದು ಬರೆದಿದ್ದೀರಿ. ಮಿಟುಕಿಸುವುದು ಎಲ್ಲಿ ಹೋಯಿತು? ಹೋದದ್ದು ಕಲಿತ ಪಾಠ.

ಲೋಕಲ್ ಟ್ರೇನಿನ ಉದಾಹರಣೆಯನ್ನೂ ತೆಗೆಯಿರಿ. ‘ಪುಢೀಲ್ ಸ್ಟೇಷನ್ ದಾದರ್’ (ಮುಂದಿನ ಸ್ಟೇಷನ್ ದಾದರ್) ಅಂದಾಗ ಬಾಗಿಲಿಗೆ ನುಗ್ಗುವುದು ಎಷ್ಟೇ ರೂಢಿಯಾದರೂ ನಾವು ಬೇಕೆಂದೇ ಮಾಡುವ ಕೆಲಸ, ಮೊಲದ ರೆಪ್ಪೆಯ ಹಾಗೆ ತಾನಾಗಿ ಆಗುವುದಲ್ಲ. ನಾನಂತೂ ಮೊಬೈಲ್ ನೋಡುತ್ತಾ ಪರೇಲ್‌ನಲ್ಲಿ ಇಳಿದಿದ್ದೇನೆ.

ಕಿರುಮೆದುಳಿನ ದೊಡ್ಡ ನರಕೋಶಗಳಾದ ಪುರ್ಕಿಂಜೆ ಕೋಶಗಳ ಭಾಗ ಮುಟ್ಟಬೇಡಿ. ಸದ್ದಿನ ಸುದ್ದಿ ಒಂದು ದಾರಿಯಲ್ಲಿ, ಗಾಳಿಯ ಸುದ್ದಿ ಇನ್ನೊಂದು ದಾರಿಯಲ್ಲಿ ಬಂದು ಅಲ್ಲಿ ಕೂಡುವುದು, ಇಂಟರ್‌ಪೊಸಿಟಸ್ ಗಂಟಿನ ಮೇಲೆ ಸದಾ ಬ್ರೇಕ್ ಒತ್ತಿಕೊಂಡಿರುವ ಆ ಕೋಶಗಳು ಪಾಠ ಕಲಿತ ಮೇಲೆ ಸದ್ದಿಗೆ ಅರೆಗಳಿಗೆ ಸುಮ್ಮನಾಗುವುದು, ಆಗ ರೆಪ್ಪೆ ಬೀಳುವುದು. ಚೆನ್ನಾಗಿದೆ.

ಒಂದು ಮಾತ್ರ ಸೇರಿಸಿ. ಗಂಟು ಕೆಟ್ಟದ್ದರಿಂದ ಮೊಲಕ್ಕೆ ಪಾಠ ನೆನಪಿದ್ದೂ ಮಾಡಿ ತೋರಿಸಲು ಆಗಲಿಲ್ಲವೇನೋ ಎಂದು ಓದುಗರು ಕೇಳುತ್ತಾರೆ. 1993ರಲ್ಲಿ ಥಾಂಪ್ಸನ್ ತಂಡದವರು ಪಾಠದ ಹೊತ್ತಿನಲ್ಲಿ ಮಾತ್ರ ಆ ಭಾಗವನ್ನು ಔಷಧಿಯಿಂದ ಮಂಕು ಮಾಡಿದರು. ಔಷಧಿ ಇಳಿದ ಮೇಲೆ ನೋಡಿದರೆ ಮೊಲಗಳು ಏನನ್ನೂ ಕಲಿತಿರಲಿಲ್ಲ, ಮೊದಲಿನಿಂದ ಶುರು ಮಾಡಬೇಕಾಯಿತು.

ಪಾವ್ಲೋವ್‌ಗೆ ಒಂದೇ ಸಾಲು ಕೊಡಿ. ಒಟ್ಟು ಮೂರು ಪುಟ ದಾಟಬಾರದು. ಮುಂದಿನ ತಿಂಗಳು 10ರೊಳಗೆ ಕಳಿಸಿದರೆ ಜಾಗ ಇಟ್ಟಿರುತ್ತೇನೆ.